ಕಚೇರಿಯ ಸ್ಥಳಾಂತರ ಮತ್ತು ನೀರಿನ ಲೆಕ್ಕ

ನಮ್ಮ ನಾಡಿನ ಚರಿತ್ರೆಯಲ್ಲಿ ರಾಜಧಾನಿಗಳು ನೆಲೆ ಬದಲಿಸಿದ ಪ್ರಸಂಗಗಳು ಕಡಿಮೆಯೇನಲ್ಲ. ಮಾನ್ಯಖೇಟದಿಂದ ಕಲ್ಯಾಣಕ್ಕೆ, ಸೊಸೆವೂರಿನಿಂದ ಬೇಲೂರಿಗೂ ಅಲ್ಲಿಂದ ದೋರಸಮುದ್ರಕ್ಕೂ, ವಿಜಯನಗರದಿಂದ ಪೆನುಗೊಂಡೆಗೆ, ಶ್ರೀರಂಗಪಟ್ಟಣದಿಂದ ಮೈಸೂರಿಗೆ ಆಳ್ವಿಕೆಯ ಪೀಠ ಸಾಗಿದ ಸಂಗತಿಯನ್ನು ಪಠ್ಯಪುಸ್ತಕಗಳು ಒಂದೊಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಅರಸ ಹೋದ, ಸಿಂಹಾಸನ ಹೋಯಿತು ಎಂದಷ್ಟೇ ನಾವು ಓದಿಕೊಳ್ಳುತ್ತೇವೆ. ಆದರೆ ಅರಸನೊಬ್ಬನೇ ಹೋಗುವುದಿಲ್ಲ. ಅವನ ಹಿಂದೆ ಕರಣಿಕರು, ಸೇನಬೋವರು, ಕಾವಲಿನವರು ಹೋಗುತ್ತಾರೆ; ಅವರ ಹಿಂದೆ ದಿನಸಿಯವರು, ಅಗಸರು, ಅಕ್ಕಸಾಲಿಗರು, ಗಾಡಿಯವರು, ಅವರೆಲ್ಲರ ಹೆಂಡಿರು ಮಕ್ಕಳು ಹೋಗುತ್ತಾರೆ. ಇಷ್ಟು ಮಂದಿಗೂ ಕುಡಿಯಲು ನೀರು ಬೇಕು, ಒಲೆಗೆ ಸೌದೆ ಬೇಕು, ಕೊಳೆ ಹರಿದುಹೋಗಲು ದಾರಿ ಬೇಕು. ಇವು ಎಲ್ಲಿಂದ ಒದಗಿದವು, ಒದಗಿಸಿದ ನೆಲ ಏನಾಯಿತು ಎಂದು ನಾವು ಅಷ್ಟಾಗಿ ಕೇಳಿದವರಲ್ಲ. ಪರಿಸರದ ಮೇಲಣ ಪರಿಣಾಮವನ್ನು ಮುಂಚಿತವಾಗಿ ಅಂದಾಜು ಮಾಡಬೇಕೆಂಬ ವಿಚಾರ ಈಗ ಕಾಯಿದೆಯ ರೂಪವನ್ನೇ ಪಡೆದಿದೆ. ಆ ವಿಚಾರವನ್ನು ಕೈದೀಪವಾಗಿ ಹಿಡಿದು ನಮ್ಮದೇ ಸರ್ಕಾರಿ ಕಚೇರಿಯೊಂದರ ದೀರ್ಘ ಪ್ರಯಾಣವನ್ನು ಹಿಂಬಾಲಿಸಬೇಕೆಂಬುದು ಈ ಭಾಷಣದ ಉದ್ದೇಶ.

ದೋರಸಮುದ್ರವೆಂಬ ಹೆಸರಿನಿಂದಲೇ ಪ್ರಾರಂಭಿಸಬಹುದು. ಕಡಲಿನಿಂದ ದೂರದ ಬಯಲುಸೀಮೆಯ ಊರಿಗೆ ಸಮುದ್ರವೆಂಬ ಹೆಸರು ಬಂದುದು ಅಲ್ಲಿಯ ಕೆರೆಯಿಂದ. ಕೆರೆ ಮೊದಲು, ರಾಜಧಾನಿ ಆಮೇಲೆ. ವಿಜಯನಗರದವರು ತುಂಗಭದ್ರೆಯ ದಡದಲ್ಲಿದ್ದರೂ ಹೊಳೆಯನ್ನೇ ನಂಬಿ ಕೂಡಲಿಲ್ಲ. ಕಾಲುವೆ ತೋಡಿದರು, ಕಮಲಾಪುರದ ಕೆರೆಯನ್ನು ತುಂಬಿಸಿದರು. ೧೫೩೭ರ ಸುಮಾರಿಗೆ ಯಲಹಂಕದ ಕೆಂಪೇಗೌಡರು ಬೆಂಗಳೂರಿನಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದಾಗ ಅವುಗಳ ಜೊತೆಯಲ್ಲಿಯೇ ಕೆರೆಗಳೂ ಎದ್ದವು. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲದ ಎತ್ತರದ ನೆಲದಲ್ಲಿ ಕೆರೆಯಿಲ್ಲದೆ ಪೇಟೆಯಿಲ್ಲವೆಂಬುದು ಆ ಕಾಲದವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಇದನ್ನೇ ಸಾರುತ್ತವೆ. ಕೆರೆಯನ್ನು ಕಟ್ಟಿದರೆ ಸಾಲದು, ಅದರ ಹೂಳೆತ್ತುವ, ಏರಿ ಭದ್ರಪಡಿಸುವ ವೆಚ್ಚಕ್ಕೆ ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಡಬೇಕೆಂಬ ಏರ್ಪಾಡು ಅದು. ಹಿಂದಿನವರೆಲ್ಲ ತಪ್ಪೇ ಮಾಡದ ಜಾಣರೆಂದು ನಾನು ಹೇಳುತ್ತಿಲ್ಲ. ಅವರ ಕಾಲದಲ್ಲಿಯೂ ಕೆರೆಗಳು ಒಡೆದವು, ಬರಗಳು ಬಂದವು. ಆದರೆ ನೀರು ಮೊದಲು, ಪೀಠ ಅನಂತರ ಎಂಬ ಕ್ರಮವನ್ನು ಅವರು ಸಾಮಾನ್ಯವಾಗಿ ಬಿಡಲಿಲ್ಲ.

ಈಗ ನಾವು ಹಿಂಬಾಲಿಸಬೇಕಾದ ಕಚೇರಿಯ ಮಾತಿಗೆ ಬರೋಣ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪು ಕಟ್ಟಡವನ್ನು ಜನ ಅಠಾರ ಕಚೇರಿ ಎನ್ನುತ್ತಾರೆ. ಅಠಾರ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಈ ಹೆಸರು ಕಟ್ಟಡಕ್ಕಿಂತ ಬಹಳ ಹಳೆಯದು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂದು ಮೈಸೂರಿನ ಚರಿತ್ರಕಾರರು ಹೇಳುತ್ತಾರೆ. ಹೀಗೆ ಕಾವೇರಿಯ ನಡುಗಡ್ಡೆಯಲ್ಲಿ ಹುಟ್ಟಿದ ಹೆಸರು ಕಾಲಾಂತರದಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು.

ಈ ಪ್ರಯಾಣದ ಮೊದಲ ಘಟ್ಟದಲ್ಲಿ ಪರಿಸರವೇ ಅಧಿಕಾರವನ್ನು ಎಬ್ಬಿಸಿತೆಂಬುದನ್ನು ಗಮನಿಸಬೇಕು. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಸಂಚಾರಕ್ಕೆ ಬಂದ ಬುಕನನ್, ಶ್ರೀರಂಗಪಟ್ಟಣದ ಇಳಿಗಾಲವನ್ನು ಕಣ್ಣಾರೆ ಕಂಡು ಬರೆದಿಟ್ಟ. ಆ ದ್ವೀಪದಲ್ಲಿ ಬೀಡುಬಿಟ್ಟ ಇಂಗ್ಲಿಷರ ದಂಡು ಜ್ವರಕ್ಕೆ ತುತ್ತಾಗುತ್ತಿತ್ತು. ೧೮೦೯ರಲ್ಲಿ ದಂಡನ್ನು ಬೆಂಗಳೂರಿನ ಹಲಸೂರಿನ ಬಳಿಗೆ ಸಾಗಿಸಿದುದಕ್ಕೆ ಆ ಜ್ವರವೇ ಮುಖ್ಯ ಕಾರಣ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ತಿಳಿದದ್ದು ಆ ಶತಮಾನದ ಕೊನೆಗೆ; ಆದರೆ ಎತ್ತರದ ಒಣನೆಲ, ತಂಪು ಹವೆ ಒಳ್ಳೆಯದೆಂಬುದು ಅನುಭವಕ್ಕೆ ಬಂದಿತ್ತು. ದಂಡು ಹೋದಲ್ಲಿಗೆ ಕಚೇರಿಯೂ ಹೋಯಿತು. ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಕಂಪನಿ ಸರ್ಕಾರ ಕಮಿಷನರುಗಳನ್ನು ನೇಮಿಸಿತು. ಅವರ ಆಡಳಿತಕೇಂದ್ರ ಬೆಂಗಳೂರಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ೧೮೩೧ರ ಈ ಸ್ಥಳಾಂತರಕ್ಕಾಗಿ ಹೊಸ ಭವನವನ್ನೇನೂ ಕಟ್ಟಲಿಲ್ಲ. ಕೋಟೆಯೊಳಗಿದ್ದ ಟಿಪ್ಪುವಿನ ಮರದ ಕಂಬಗಳ ಅರಮನೆಯಲ್ಲಿಯೇ ಕಡತಗಳನ್ನು ಜೋಡಿಸಿಕೊಂಡರು. ೧೮೬೮ರವರೆಗೆ ರಾಜ್ಯದ ಕೇಂದ್ರ ಕಚೇರಿ ಅಲ್ಲಿಯೇ ನಡೆಯಿತು. ಕಟ್ಟಡದ ದೃಷ್ಟಿಯಿಂದ ಅಳೆದರೆ ಇದಕ್ಕಿಂತ ನಿರುಪದ್ರವಿಯಾದ ಸ್ಥಳಾಂತರ ಮತ್ತೊಂದಿಲ್ಲ. ಆದರೆ ಬೆಂಗಳೂರಿನ ನೆಲ ಜಲಗಳ ಮೇಲೆ ಅಳಿಸಲಾಗದ ಪರಿಣಾಮ ಮಾಡಿದ್ದೂ ಇದೇ. ಕಚೇರಿಯ ಹಿಂದೆ ಗುಮಾಸ್ತರು ಬಂದರು, ವಕೀಲರು ಬಂದರು, ಗುತ್ತಿಗೆದಾರರು ಬಂದರು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ರೈಲೂ ಬಂತು. ೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಸೇರಿದಾಗ ಅರಮನೆ ಮೈಸೂರಿನಲ್ಲಿ ಉಳಿಯಿತು, ಕಡತಗಳು ಬೆಂಗಳೂರಿನಲ್ಲಿ ಉಳಿದವು. ಅಷ್ಟು ಹೊತ್ತಿಗೆ ಕಚೇರಿಯ ಸುತ್ತ ಒಂದು ಊರೇ ಬೇರುಬಿಟ್ಟಿತ್ತು. ಅದನ್ನು ಹಿಂದಕ್ಕೆ ಸಾಗಿಸುವುದು ಸುಲಭವಾಗಿರಲಿಲ್ಲ.

೧೮೬೪ರಿಂದ ೧೮೬೮ರೊಳಗೆ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ, ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆಯಲ್ಲಿ ಅಠಾರ ಕಚೇರಿಯ ಹೊಸ ಕಟ್ಟಡ ಎದ್ದಿತು. ಅದರ ಬೆನ್ನಿಗೇ, ೧೮೭೦ರಲ್ಲಿ, ಸುಮಾರು ನೂರು ಎಕರೆಯ ಉದ್ಯಾನ ರೂಪುಗೊಂಡಿತು. ಮುಂದೆ ಅದು ಇನ್ನೂ ವಿಸ್ತಾರವಾಗಿ ಕಬ್ಬನ್ ಪಾರ್ಕ್ ಎಂದು ಹೆಸರಾಯಿತು. ಲೆಕ್ಕ ಬರೆಯುವವನು ಖರ್ಚನ್ನಷ್ಟೇ ಬರೆದು ಜಮೆಯನ್ನು ಬಿಡಬಾರದು. ಈ ಕಚೇರಿ ಬಾರದಿದ್ದರೆ ಆ ಉದ್ಯಾನ ಆ ರೂಪದಲ್ಲಿ ಇರುತ್ತಿರಲಿಲ್ಲ. ಆದರೆ ಅದೇ ಉದ್ಯಾನದ ಮಗ್ಗುಲಲ್ಲಿದ್ದ ಸಂಪಂಗಿ ಕೆರೆಯ ಕಥೆ ಬೇರೆ. ವಹ್ನಿಕುಲದ ತೋಟಗಾರರಿಗೆ ಅನ್ನ ಕೊಟ್ಟಿದ್ದ, ಪೇಟೆಗೂ ದಂಡಿಗೂ ನೀರುಣಿಸಿದ್ದ ಆ ಕೆರೆ ಮೆಲ್ಲಮೆಲ್ಲಗೆ ಬತ್ತಿ, ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಮೂಲೆಯಲ್ಲಿ ಉಳಿದ ಪುಟ್ಟ ಕೊಳವನ್ನು ಕರಗದ ಆಚರಣೆ ಇಂದಿಗೂ ನೆನಪಿಟ್ಟುಕೊಂಡಿದೆ.

ನೀರಿನ ಕಥೆ ಈ ಸ್ಥಳಾಂತರದ ನಿಜವಾದ ಕಥೆ. ೧೮೭೬-೭೮ರ ಧಾತು ಈಶ್ವರ ಕ್ಷಾಮ ಬಂದಾಗ ಬೆಂಗಳೂರಿನ ಕೆರೆಗಳನ್ನು ನಂಬಿ ಇಷ್ಟು ದೊಡ್ಡ ಊರನ್ನು ನಡೆಸಲಾಗದೆಂಬುದು ಮನದಟ್ಟಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೬ರಲ್ಲಿ, ಅರ್ಕಾವತಿಯ ಮೇಲಿನ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅದು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದೂರ. ಅದು ಸಾಲದಾದಾಗ, ೧೯೩೩ರಲ್ಲಿ, ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಒದಗಿತು. ಅದೂ ಸಾಲದಾದಾಗ, ೧೯೭೪ರಲ್ಲಿ, ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಐನೂರು ಮೀಟರಿನಷ್ಟು ಎತ್ತರಕ್ಕೆ ಎತ್ತಿ ತಂದದ್ದಾಯಿತು. ವಿಧಿಯ ವಿಚಿತ್ರವನ್ನು ನೋಡಿ: ಕಾವೇರಿಯ ಮಡಿಲಲ್ಲಿ ಹುಟ್ಟಿದ ಅಠಾರ ಕಚೇರಿ ಆ ಹೊಳೆಯನ್ನು ಬಿಟ್ಟು ಬೆಟ್ಟದ ಮೇಲಕ್ಕೆ ಬಂತು, ಕೊನೆಗೆ ಆ ಹೊಳೆಯನ್ನೇ ತನ್ನ ಹಿಂದೆ ಬೆಟ್ಟ ಹತ್ತಿಸಿತು.

ಇಷ್ಟಕ್ಕೂ ಕಚೇರಿಯೊಂದೇ ಕಾರಣವೆಂದರೆ ಅದು ಅನ್ಯಾಯವಾದೀತು. ದಂಡು, ರೈಲು, ಗಿರಣಿ, ಎರಡನೆಯ ಮಹಾಯುದ್ಧದ ಕಾಲದ ಕಾರ್ಖಾನೆಗಳು, ಇತ್ತೀಚಿನ ಕಂಪ್ಯೂಟರ್ ಉದ್ಯಮ ಎಲ್ಲವೂ ಸೇರಿ ಈ ನಗರವನ್ನು ಬೆಳೆಸಿದವು. ಆದರೆ ರೈಲೂ ಗಿರಣಿಯೂ ಇಲ್ಲಿಗೇ ಬರಲು ಕಾರಣಗಳನ್ನು ಹುಡುಕುತ್ತ ಹೋದರೆ, ಅಧಿಕಾರದ ಪೀಠ ಇಲ್ಲಿತ್ತೆಂಬುದು ಅವುಗಳಲ್ಲಿ ಮುಖ್ಯವಾದುದು.

ಮುಂದಿನ ಘಟ್ಟ ವಿಧಾನಸೌಧದ್ದು. ೧೯೫೧ರ ಜುಲೈ ೧೩ರಂದು ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರ ಛಲದಿಂದ, ಬಿ. ಆರ್. ಮಾಣಿಕಂ ಅವರ ವಿನ್ಯಾಸದಲ್ಲಿ, ೧೯೫೬ರಲ್ಲಿ ಕಲ್ಲಿನ ಆ ಮಹಾಸೌಧ ಪೂರ್ತಿಯಾಯಿತು. ಅಠಾರ ಕಚೇರಿಯಿಂದ ಸಚಿವಾಲಯ ರಸ್ತೆ ದಾಟಿ ಎದುರಿಗೆ ಬಂದಿತು. ಸಾಗಿದ ದೂರ ಹೆಚ್ಚೆಂದರೆ ಕೆಲವು ನೂರು ಹೆಜ್ಜೆ. ಮಲ್ಲಸಂದ್ರ, ಹೆಸರಘಟ್ಟಗಳ ಕಡೆಯ ಗಣಿಗಳ ಬೂದುಗಲ್ಲು, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಗಲ್ಲು ಬಂದವು. ಸಾವಿರಾರು ಕೂಲಿಗಳೂ ಶಿಲ್ಪಿಗಳೂ ದುಡಿದರು. ಆ ಸೌಧದ ಚೆಲುವನ್ನು ಕುರಿತು ನನಗೆ ಆಕ್ಷೇಪವಿಲ್ಲ. ಆದರೆ ಅದೇ ೧೯೫೬ರ ನವೆಂಬರ್ ೧ರಂದು ರಾಜ್ಯ ಏಕೀಕರಣಗೊಂಡು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡ ಸೀಮೆಗಳ ಆಡಳಿತವೂ ಇಲ್ಲಿಗೆ ಬಂದು ಸೇರಿತು. ಮೈಸೂರಿನಲ್ಲಿ ಹುಟ್ಟಿದ ಆಕಾಶವಾಣಿ ಕೂಡ ಅದರ ಹಿಂದಿನ ವರ್ಷವೇ ಬೆಂಗಳೂರಿಗೆ ಬಂದಿತ್ತು. ೧೯೪೧ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ ೧೯೬೧ರಲ್ಲಿ ಹನ್ನೆರಡು ಲಕ್ಷ ಮುಟ್ಟಿತು. ೨೦೧೧ರ ಜನಗಣತಿಯ ಹೊತ್ತಿಗೆ ಎಂಬತ್ತನಾಲ್ಕು ಲಕ್ಷವಾಗಿತ್ತು. ಧಾರವಾಡದ ಗುಮಾಸ್ತ, ಕಲಬುರಗಿಯ ಮೇಲ್ವಿಚಾರಕ, ಮಂಗಳೂರಿನ ಬೆರಳಚ್ಚುಗಾರ ಎಲ್ಲರಿಗೂ ಮನೆ ಬೇಕಾಯಿತು. ೧೯೪೯ರಲ್ಲಿ ಪ್ರಾರಂಭವಾದ ರಾಜಾಜಿನಗರದಿಂದ ಹಿಡಿದು ಬಸವೇಶ್ವರನಗರ, ವಿಜಯನಗರಗಳವರೆಗೆ ಪಶ್ಚಿಮದ ಬಡಾವಣೆಗಳು ಇಂಥ ಎಷ್ಟೋ ಸಂಸಾರಗಳಿಗೆ ಆಸರೆಯಾದವು.

ಆ ಬಡಾವಣೆಗಳನ್ನು ದಾಟಿ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ನಾನು ವಾಸವಾಗಿರುವ ಸುಂಕದಕಟ್ಟೆ ಸಿಗುತ್ತದೆ. ಹಿಂದಿನ ಆಡಳಿತದ ಗುರುತನ್ನು ಈ ಊರು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳನ್ನು ನಮ್ಮ ಶಾಸನಗಳು ಹೆಸರಿಸುತ್ತವೆ. ದಾರಿಯಲ್ಲಿ ಸಾಗುವ ಸರಕಿನ ಮೇಲೆ ಸುಂಕ ಎತ್ತುವ ಕಟ್ಟೆಗಳು ಹಳೆಯ ರಾಜ್ಯಗಳ ಚಿಕ್ಕ ಚಿಕ್ಕ ಕಚೇರಿಗಳೇ. ಈ ದಿಕ್ಕಿನಲ್ಲಿ ಇನ್ನೊಂದು ಸ್ಥಳಾಂತರವೂ ನಡೆದಿದೆ. ೧೬೩೮ರಲ್ಲಿ ವಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರು ಸೋತಾಗ ಕೆಂಪೇಗೌಡರ ವಂಶದವರು ತಮ್ಮ ಪೀಠವನ್ನು ಮಾಗಡಿಗೆ ಒಯ್ದರು. ಬೆಂಗಳೂರಿನಿಂದ ಅಧಿಕಾರ ಹೀಗೆ ಪಶ್ಚಿಮಕ್ಕೆ ಸಾಗಿದ್ದುಂಟು. ಮೂರು ಶತಮಾನ ಕಳೆದ ಮೇಲೆ ಅದೇ ಪಶ್ಚಿಮದಿಂದ ನೀರು ಬೆಂಗಳೂರಿಗೆ ಹರಿಯಿತು. ತಿಪ್ಪಗೊಂಡನಹಳ್ಳಿಗೆ ಹೋಗುವವರು ಹಿಡಿಯುವುದೂ ಇದೇ ಮಾಗಡಿ ರಸ್ತೆಯನ್ನು.

ಆ ಜಲಾಶಯಕ್ಕೆ ಆದುದೇನು? ನಗರ ತನ್ನ ನೀರಿನ ಮೂಲದ ಕಡೆಗೇ ಬೆಳೆಯುತ್ತ ಹೋಯಿತು. ಬಡಾವಣೆ, ಕಾರ್ಖಾನೆ, ಕೊಳವೆಬಾವಿಗಳು ಜಲಾನಯನ ಪ್ರದೇಶವನ್ನು ತುಂಬಿದವು. ಒಳಹರಿವು ಕುಗ್ಗಿತು, ಬಂದ ನೀರೂ ಕೆಟ್ಟಿತು. ೨೦೦೩ರಲ್ಲಿ ಸರ್ಕಾರ ಆ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ ನಿರ್ಬಂಧಗಳನ್ನು ವಿಧಿಸಿತಾದರೂ, ಅದರ ನಂತರದ ದಶಕದಲ್ಲಿ ನಗರ ಅಲ್ಲಿಯ ನೀರನ್ನು ಕುಡಿಯಲು ಎತ್ತುವುದು ನಿಂತಿತು. ಇತ್ತ ರಾಜಾಜಿನಗರ, ವಿಜಯನಗರಗಳ ಕೊಳಚೆ ವೃಷಭಾವತಿಯ ಕಣಿವೆಗೆ ಇಳಿದು, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯನ್ನು ಕೆಡಿಸಿ, ಕೊನೆಗೆ ಅರ್ಕಾವತಿಯನ್ನೇ ಸೇರುತ್ತದೆ. ಅರ್ಕಾವತಿಯ ಮೇಲ್ದಂಡೆಯಿಂದ ಕುಡಿಯಲು ತೆಗೆದುಕೊಂಡೆವು. ಕೆಳದಂಡೆಗೆ ತೊಳೆದ ನೀರನ್ನು ಬಿಟ್ಟೆವು. ಅದನ್ನು ಹೊಲಕ್ಕೆ ಹಾಯಿಸಿಕೊಳ್ಳಬೇಕಾದ ಬೈರಮಂಗಲದ ರೈತ ೧೮೩೧ರ ಆಜ್ಞೆಯನ್ನು ಕೇಳಿದವನಲ್ಲ, ವಿಧಾನಸೌಧದ ಮೆಟ್ಟಿಲು ಹತ್ತಿದವನೂ ಅಲ್ಲದಿರಬಹುದು. ಆದರೂ ಕಚೇರಿಯ ಸ್ಥಳಾಂತರದ ಸುಂಕವನ್ನು ತೆರುತ್ತಿರುವವನು ಅವನು.

ಇನ್ನು ಕಾಯಿದೆಯ ಮಾತು. ಭಾರತದಲ್ಲಿ ಪರಿಸರ ಪರಿಣಾಮದ ಅಂದಾಜನ್ನು ಕಡ್ಡಾಯ ಮಾಡಿದ ಮೊದಲ ಅಧಿಸೂಚನೆ ೧೯೯೪ರ ಜನವರಿಯದು. ಅದರ ಸ್ಥಾನದಲ್ಲಿ ಬಂದದ್ದು ೨೦೦೬ರ ಸೆಪ್ಟೆಂಬರಿನದು. ಇದರ ಪ್ರಕಾರ ಇಪ್ಪತ್ತು ಸಾವಿರ ಚದರ ಮೀಟರು ಮೀರಿದ ಕಟ್ಟಡಗಳಿಗೆ ಪೂರ್ವಾನುಮತಿ ಬೇಕು. ಐದು ಲಕ್ಷ ಚದರ ಅಡಿಗೂ ಮಿಕ್ಕ ವಿಸ್ತಾರವುಳ್ಳ ವಿಧಾನಸೌಧವನ್ನು ಇಂದು ಕಟ್ಟಹೊರಟರೆ ಅದು ಈ ಕಟ್ಟಳೆಯೊಳಗೆ ಬರುತ್ತದೆ. ಎಷ್ಟು ಮಣ್ಣು ಅಗೆಯುತ್ತೀರಿ, ಎಷ್ಟು ಮರ ಕಡಿಯುತ್ತೀರಿ, ಎಷ್ಟು ನೀರು ಬೇಕು, ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಹೌದು. ಆದರೆ ಈ ಲೆಕ್ಕ ಕಟ್ಟಡದ ಆವರಣದ ಗೋಡೆಯ ಬಳಿ ಬಹುಮಟ್ಟಿಗೆ ನಿಂತುಬಿಡುತ್ತದೆ. ೨೦೦೬ರ ಅಧಿಸೂಚನೆ ಇಂಥ ಕಟ್ಟಡಗಳಿಗೆ ಸಾರ್ವಜನಿಕ ವಿಚಾರಣೆಯನ್ನೂ ಬೇಡವೆಂದಿತು. ಹೊಸ ಕಲ್ಲೊಂದನ್ನೂ ಇಡದೆ ಹಳೆಯ ಅರಮನೆಯೊಳಗೆ ಕೂತ ೧೮೩೧ರ ಕಚೇರಿಗೆ ಈ ಕಾಯಿದೆಯಲ್ಲಿ ಒಂದು ಪ್ರಶ್ನೆಯೂ ಇಲ್ಲ. ನೂರಾರು ಹೆಜ್ಜೆ ಸರಿದ ೧೯೫೬ರ ಕಚೇರಿಗೆ ನೂರು ಪ್ರಶ್ನೆಗಳಿವೆ. ಸುಮಾರು ನೂರು ಕಿಲೋಮೀಟರು ದೂರದ ನೀರನ್ನು ಎಳೆದ ಸ್ಥಳಾಂತರಕ್ಕೆ ಒಂದೂ ಇಲ್ಲ. ನಾವು ಕಟ್ಟಡವನ್ನು ಅಳೆಯುತ್ತಿದ್ದೇವೆ, ಅದರ ಹಿಂದೆ ಬರುವ ಊರನ್ನು ಅಳೆಯುತ್ತಿಲ್ಲ. ಚರಿತ್ರೆ ಕಲಿಸುವ ಪಾಠ ನನ್ನ ದೃಷ್ಟಿಯಲ್ಲಿ ಇದೊಂದೇ.

ಹೊರಗಿನ ನಿದರ್ಶನಗಳೂ ಇದನ್ನೇ ಹೇಳುತ್ತವೆ. ೧೯೧೧ರಲ್ಲಿ ಕಲಕತ್ತೆಯಿಂದ ದಿಲ್ಲಿಗೆ ರಾಜಧಾನಿಯನ್ನು ಒಯ್ಯುವುದಾಗಿ ಸಾರಿ, ದರ್ಬಾರಿನ ಬಯಲಿನಲ್ಲಿಯೇ ಅಡಿಗಲ್ಲಿಟ್ಟರು. ಆಮೇಲೆ ಬಂದ ತಜ್ಞರು ಆ ಜಾಗ ಯೋಗ್ಯವಲ್ಲವೆಂದು ಕಂಡು ಕಲ್ಲುಗಳನ್ನು ರೈಸಿನಾ ಗುಡ್ಡದ ಕಡೆಗೆ ಸಾಗಿಸಬೇಕಾಯಿತು. ಕಲ್ಲಿಟ್ಟ ಮೇಲೆ ನೆಲ ಪರೀಕ್ಷಿಸಿದ ಆ ಪ್ರಸಂಗ ನಗೆ ತರಿಸಿದರೂ, ಕಡೆಗಾದರೂ ಪರೀಕ್ಷಿಸಿದರಲ್ಲ ಎನ್ನಬೇಕು. ಆದರೆ ಅಲ್ಲಿದ್ದ ಹಳ್ಳಿಗಳವರು ಎದ್ದು ಹೋಗಬೇಕಾದ ಲೆಕ್ಕ ಅವರ ಪರೀಕ್ಷೆಯಲ್ಲಿ ಹಗುರವಾಯಿತು. ನಮ್ಮ ಕಾಲದಲ್ಲಿ ಇಂಡೊನೇಷ್ಯ ದೇಶ ಅಂತರ್ಜಲವನ್ನು ಹೀರಿ ಹೀರಿ ಕುಸಿಯುತ್ತಿರುವ ಜಕಾರ್ತವನ್ನು ಬಿಟ್ಟು ಬೋರ್ನಿಯೋ ದ್ವೀಪದಲ್ಲಿ ಹೊಸ ರಾಜಧಾನಿಗೆ ೨೦೨೨ರಲ್ಲಿ ಕಾನೂನು ಮಾಡಿತು. ಕೆಟ್ಟ ನೆಲವನ್ನು ಬಿಟ್ಟು ಕಾಡಿನ ನೆಲಕ್ಕೆ ಹೋಗುವವರು ಹಿಂದೆ ಬಿಟ್ಟ ಕೋಟ್ಯಂತರ ಜನರ ನೀರಿನ ಪ್ರಶ್ನೆಯನ್ನು ಹೇಗೆ ಬಗೆಹರಿಸುತ್ತಾರೆ ಎಂಬುದು ಜಗತ್ತು ನೋಡುತ್ತಿರುವ ವಿಷಯ.

ಈ ವಿಚಾರ ನಮಗೆ ಕೇವಲ ಹಳೆಯ ಕಥೆಯಲ್ಲ. ಬೆಳಗಾವಿಯಲ್ಲಿ ೨೦೦೬ರಲ್ಲಿ ವಿಧಾನಮಂಡಲದ ಅಧಿವೇಶನ ನಡೆಯಿತು. ೨೦೧೨ರ ಅಕ್ಟೋಬರಿನಲ್ಲಿ ಅಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನಕ್ಕಾಗಿ ಮಂತ್ರಿಗಳೂ ಅಧಿಕಾರಿಗಳೂ ಕಡತಗಳೂ ಐನೂರು ಕಿಲೋಮೀಟರು ಸಾಗಿ ಕೆಲವು ದಿನಗಳಲ್ಲಿ ಹಿಂತಿರುಗುವುದು ರೂಢಿಯಾಗಿದೆ. ಉತ್ತರ ಕರ್ನಾಟಕದವರು ಕೆಲವು ಇಲಾಖೆಗಳ ಕೇಂದ್ರಗಳನ್ನೇ ಅಲ್ಲಿಗೆ ತರಬೇಕೆಂದು ಕೇಳುತ್ತ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದುದೆಂದು ನಾನು ನಂಬುತ್ತೇನೆ. ಬೀದರಿನ ರೈತನೊಬ್ಬ ಒಂದು ರುಜುವಿಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಬರುವುದರಲ್ಲಿ ಯಾವ ಪರಿಸರದ ಹಿತವೂ ಇಲ್ಲ. ಕಟ್ಟಿದ ಸೌಧ ವರ್ಷದ ಹೆಚ್ಚಿನ ಕಾಲ ಬಿಕೋ ಎನ್ನುವುದೂ ಕಲ್ಲು, ಸಿಮೆಂಟು, ನೆಲಗಳ ದುಂದೇ. ಅಲ್ಲಿಗೆ ಇಲಾಖೆಗಳು ಹೋಗುವುದಾದರೆ ಹೋಗಲಿ. ಆದರೆ ಹೋಗುವ ಮುನ್ನ ಲೆಕ್ಕವಾಗಲಿ: ಕಚೇರಿಯ ಹಿಂದೆ ಎಷ್ಟು ಸಂಸಾರಗಳು ಬಂದಾವು, ಅವರ ಮನೆಗಳು ಯಾರ ಹೊಲದ ಮೇಲೆ ಏಳುತ್ತವೆ, ಅವರ ನೀರು ಯಾವ ಹೊಳೆಯಿಂದ ಬರುತ್ತದೆ, ಅವರ ಕೊಳೆ ಯಾವ ಊರಿನ ಕೆರೆಗೆ ಹೋಗುತ್ತದೆ, ಬಿಟ್ಟು ಹೋದ ಕಟ್ಟಡವನ್ನು ಏನು ಮಾಡುತ್ತೀರಿ ಎಂಬ ಲೆಕ್ಕ. ಆ ಊರಿನವರನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಲೆಕ್ಕವಾಗಲಿ.

ಬಿಟ್ಟು ಹೋದ ಕಟ್ಟಡದ ಪ್ರಶ್ನೆ ಸಣ್ಣದಲ್ಲ. ೧೯೮೨ರಲ್ಲಿ ಅಠಾರ ಕಚೇರಿಯನ್ನೇ ಕೆಡವುವ ಪ್ರಸ್ತಾವ ಬಂದಿತ್ತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು; ಆ ಮೊಕದ್ದಮೆಯ ವಿಚಾರಣೆ ನಡೆದದ್ದು ಅದೇ ಕಟ್ಟಡದಲ್ಲಿ. ಕಟ್ಟಡ ಉಳಿಯಿತು, ಉಚ್ಚ ನ್ಯಾಯಾಲಯಕ್ಕೆ ನೆಲೆಯಾಗಿಯೇ ಮುಂದುವರಿಯಿತು. ಹಳೆಯ ಗೋಡೆಗಳೊಳಗೆ ಹೊಸ ಕೆಲಸವನ್ನು ನಡೆಸಿಕೊಳ್ಳುವುದಕ್ಕಿಂತ ಅಗ್ಗವಾದ ಪರಿಸರ ರಕ್ಷಣೆ ಬೇರೆಯಿಲ್ಲ. ಉದ್ಯಾನದ ಮಟ್ಟಿಗೆ ೧೯೭೫ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬೇಲಿಯಾಗಿ ನಿಂತಿತು. ೧೯೯೮ರಲ್ಲಿ ಅದರ ಒಂದು ಭಾಗವನ್ನು ಆ ರಕ್ಷಣೆಯಿಂದ ಹೊರತೆಗೆಯಲು ಹೊರಟಾಗ ಬೆಂಗಳೂರಿನವರು ಬೀದಿಗಿಳಿದು ಪ್ರತಿಭಟಿಸಿದರು.

ಕಚೇರಿಯನ್ನು ಕಳೆದುಕೊಂಡ ಮೈಸೂರಿನ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಅಧಿಕಾರ ಹೋದ ಮೇಲೆಯೂ ಮುಮ್ಮಡಿ ಕೃಷ್ಣರಾಜರು ೧೮೬೪ರಲ್ಲಿ ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದರು. ಆ ಕೆರೆ ಇಂದಿಗೂ ತುಂಬಿದೆ, ಹಕ್ಕಿಗಳಿಗೆ ನೆಲೆ ಕೊಟ್ಟಿದೆ. ಬೆಂಗಳೂರಿನ ಧರ್ಮಾಂಬುಧಿಯಲ್ಲಿ ಬಸ್ಸುಗಳು ನಿಲ್ಲುತ್ತವೆ. ಎರಡು ನಗರಗಳ ಈ ಅಂತರಕ್ಕೆ ಕಾರಣಗಳು ಹಲವಿರಬಹುದು. ಹದಿನೆಂಟು ಚಾವಡಿಗಳು ಒಂದನ್ನು ಬಿಟ್ಟು ಮತ್ತೊಂದನ್ನು ಸೇರಿದ್ದು ಅವುಗಳಲ್ಲಿ ಒಂದು. ಮುಂದೆ ಯಾವ ಊರಿಗೆ ಯಾವ ಕಚೇರಿಯನ್ನು ಒಯ್ಯುವುದಾದರೂ, ಗಾಡಿಗೆ ಕಡತವನ್ನು ಏರಿಸುವ ಮೊದಲು ಆ ಊರಿನ ಕೆರೆಯ ಏರಿಯ ಮೇಲೆ ನಿಂತು ನೀರಿನ ಮಟ್ಟವನ್ನು ನೋಡಿಕೊಂಡು ಬರುವ ವಿವೇಕ ನಮ್ಮನ್ನು ಆಳುವವರಿಗೆ ಇರಲಿ. ಕೇಳುವ ಎಚ್ಚರ ನಮಗಿರಲಿ.